ಮರೆವಿನ ಕಾಯಿಲೆಯವರಿಗೆ ಉಣಿಸುವುದು: ನುಂಗುವಿಕೆಯ ಸಂಶೋಧಕರು ಕಂಡುಕೊಂಡದ್ದು



ಸಂಘದ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು ಮುಗಿದ ಮೇಲೆ ಮನೆ ಮಾತು ಶುರುವಾಗುವುದು ನಿಮಗೆ ಗೊತ್ತೇ ಇದೆ. ಇತ್ತೀಚೆಗೆ ನಾವು ಹೋದ ಕಡೆಯೆಲ್ಲ ಒಂದೇ ತರಹದ ಮಾತು ಕೇಳಿಬರುತ್ತಿದೆ. "ಅತ್ತೆ ತುತ್ತನ್ನ ಬಾಯಲ್ಲೇ ಇಟ್ಕೊಂಡು ಕೂತ್ಬಿಡ್ತಾರೆ ಸಿಸ್ಟರ್, ನುಂಗೋದೇ ಇಲ್ಲ." "ನಮ್ಮಪ್ಪ ನೀರು ಕುಡಿದ್ರೆ ಸಾಕು, ಕೆಮ್ಮು ಹತ್ಕೊಳ್ಳುತ್ತೆ." "ನಾನು ಕೊಟ್ರೆ ಉಗೀತಾರೆ, ನನ್ನ ಮೇಲಿನ ಸಿಟ್ಟಿಗೆ." ಹೇಳುವವರ ದನಿಯಲ್ಲಿ ದಣಿವು ಇರುತ್ತದೆ, ಸ್ವಲ್ಪ ಅವಮಾನವೂ ಇರುತ್ತದೆ. ಮುದುಕಿ ಸೊರಗುತ್ತಾ ಬಂದರೆ 'ಸೊಸೆ ಸರಿಯಾಗಿ ಊಟ ಹಾಕಲ್ಲ' ಎಂದು ಅಕ್ಕಪಕ್ಕದವರು ಆಡಿಕೊಳ್ಳುವುದು ಬೇರೆ.

ಅರವತ್ತಕ್ಕೆ ಅರಳು ಮರಳು ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಆದರೆ ವಯಸ್ಸಾದವರಿಗೆಲ್ಲ ಬರುವ ಸಾಮಾನ್ಯ ಮರೆವು ಬೇರೆ, ಡಿಮೆನ್ಶಿಯಾ ಎಂಬ ಮೆದುಳಿನ ಕಾಯಿಲೆ ಬೇರೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯೊಂದರ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಹೆಸರು ಮರೆಯುತ್ತದೆ, ದಾರಿ ಮರೆಯುತ್ತದೆ, ಇದು ಎಲ್ಲರಿಗೂ ಗೊತ್ತು. ಕಾಯಿಲೆ ಬಲಿತ ಮೇಲೆ ಅಗಿಯುವುದು, ನುಂಗುವುದೂ ಮರೆತುಹೋಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇದನ್ನೇ ಅಭ್ಯಾಸ ಮಾಡುವ ಸಂಶೋಧಕರು ಇದ್ದಾರೆ. ಅವರ ಕೆಲಸ ಏನು, ಅದರಿಂದ ನಮ್ಮ ಮನೆಗಳಲ್ಲಿ ಏನು ಬದಲಾಯಿಸಿಕೊಳ್ಳಬಹುದು ಎಂದು ಈ ಸಲ ನೋಡೋಣ.

ನೆತ್ತಿಗೆ ಹತ್ತುವುದು ಅಂದರೇನು?

ಊಟ ಮಾಡುವಾಗ ನೆತ್ತಿಗೆ ಹತ್ತಿದರೆ 'ಯಾರೋ ನೆನೆಸಿಕೊಳ್ತಿದ್ದಾರೆ' ಎಂದು ತಲೆ ತಟ್ಟುತ್ತೇವೆ. ನಿಜವಾಗಿ ಅನ್ನ ನೆತ್ತಿಯ ಕಡೆ ಹೋಗುವುದಿಲ್ಲ, ಹೋಗುವುದು ಶ್ವಾಸನಾಳದ ಬಾಯಿಗೆ. ನಮ್ಮ ಗಂಟಲಿನಲ್ಲಿ ಎರಡು ದಾರಿ ಇವೆ. ಮುಂದೆ ಇರುವುದು ಉಸಿರಿನ ದಾರಿ, ಹಿಂದೆ ಇರುವುದು ಅನ್ನನಾಳ. ನುಂಗುವ ಕ್ಷಣದಲ್ಲಿ ಉಸಿರು ನಿಲ್ಲಬೇಕು, ಧ್ವನಿಪೆಟ್ಟಿಗೆ ಮೇಲಕ್ಕೆ ಏರಬೇಕು, ಮುಚ್ಚಳದಂಥ ಒಂದು ಭಾಗ ಉಸಿರಿನ ದಾರಿಯ ಮೇಲೆ ಬಾಗಬೇಕು, ಹಿಂದೆ ಅನ್ನನಾಳದ ಬಾಯಿ ತೆರೆಯಬೇಕು. ಇಷ್ಟೂ ಸುಮಾರು ಒಂದು ಸೆಕೆಂಡಿನೊಳಗೆ ಆಗಿಹೋಗುತ್ತದೆ. ಈಗಲೇ ಗಂಟಲ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ, ಗಂಟು ಮೇಲೆ ಹೋಗಿ ಕೆಳಗೆ ಬರುವುದು ತಿಳಿಯುತ್ತದೆ. ದಿನಕ್ಕೆ ನೂರಾರು ಸಲ ಇದನ್ನು ಮಾಡುತ್ತೇವೆ, ಒಂದು ಸಲವೂ ಯೋಚಿಸಿ ಮಾಡುವುದಿಲ್ಲ.

ಡಿಮೆನ್ಶಿಯಾದಲ್ಲಿ ಈ ಕೆಲಸ ಬೇರೆ ಬೇರೆ ಕಡೆ ತಪ್ಪುತ್ತದೆ. ಆಲ್ಝೈಮರ್ ತರಹದ ಮರೆವಿನಲ್ಲಿ ಹೆಚ್ಚಾಗಿ ಬಾಯಿಯ ಹಂತದಲ್ಲೇ ತಡವಾಗುತ್ತದೆ. ಬಾಯಲ್ಲಿರುವುದು ಊಟ ಎಂಬ ಗುರುತೇ ಮೆದುಳಿಗೆ ಸಿಗುವುದಿಲ್ಲ, ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುವುದಿಲ್ಲ, ದವಡೆ ಸುಮ್ಮನೆ ಆಡುತ್ತಿರುತ್ತದೆ. ಮೆದುಳಿನ ರಕ್ತನಾಳ ಕಟ್ಟಿ ಬಂದ ಮರೆವಿನಲ್ಲಿ ಅಗಿಯುವ ಶಕ್ತಿಯೂ ಗಂಟಲಿನ ಚಲನೆಯೂ ಕೆಡುತ್ತದೆ. ಆದ್ದರಿಂದ ತುತ್ತು ಬಾಯಲ್ಲಿಟ್ಟುಕೊಂಡು ಕುಳಿತ ಅತ್ತೆ ಹಠ ಮಾಡುತ್ತಿಲ್ಲ. ಉಗಿಯುವುದೂ ಬಹಳ ಸಲ ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ, ಆ ತುತ್ತನ್ನು ಏನು ಮಾಡಬೇಕೋ ತಿಳಿಯದೆ. ಈ ಒಂದು ವಿಷಯ ಗಂಡನಿಗೂ ನಾದಿನಿಯರಿಗೂ ಓದಿ ಹೇಳಿ.

ಕೆಮ್ಮು ಬಂದರೆ ಒಂದು ರೀತಿಯಲ್ಲಿ ಒಳ್ಳೆಯದೇ. ದಾರಿ ತಪ್ಪಿದ ನೀರನ್ನು ದೇಹ ಹೊರಗೆ ತಳ್ಳುತ್ತಿದೆ ಎಂದು ಅರ್ಥ. ಕೆಲವರಿಗೆ ಆ ಕೆಮ್ಮೂ ಬರುವುದಿಲ್ಲ. ಸದ್ದಿಲ್ಲದೆ ನೀರು, ಎಂಜಲು, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತಿರುತ್ತದೆ. ಹೊರಗೆ ಕಾಣುವುದು ಇಷ್ಟೇ: ಊಟವಾದ ಮೇಲೆ ದನಿ ಒದ್ದೆಯಾಗಿ ಗೊರಗೊರ ಅನ್ನುವುದು, ಕಣ್ಣಲ್ಲಿ ನೀರು, ಉಸಿರು ಜೋರಾಗುವುದು, ಕಾರಣವಿಲ್ಲದೆ ಮತ್ತೆ ಮತ್ತೆ ಜ್ವರ, ತೂಕ ಇಳಿಯುವುದು. ಹೀಗೆ ಬರುವ ನ್ಯುಮೋನಿಯಾ ಡಿಮೆನ್ಶಿಯಾ ಇರುವವರ ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು.

ಸಂಶೋಧಕರ ಕೆಲಸ

ಕಣ್ಣಿಗೆ ಕಾಣದ ಇದನ್ನು ಅವರು ನೋಡುವುದು ಹೇಗೆ? ಒಂದು ದಾರಿ ಎಕ್ಸ್-ರೇ ಸಿನಿಮಾ. ಬೇರಿಯಂ ಎಂಬ ಬಿಳಿ ಪುಡಿಯನ್ನು ನೀರಿಗೆ, ಗಂಜಿಗೆ, ಬಿಸ್ಕತ್ತಿಗೆ ಸೇರಿಸಿ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ನುಂಗುವಾಗ ಪಕ್ಕದಿಂದ ಎಕ್ಸ್-ರೇ ಚಿತ್ರ ಓಡುತ್ತದೆ. ತುತ್ತು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾವ ಕಡೆ ಜಾರಿತು ಎಲ್ಲವೂ ಕಾಣುತ್ತದೆ. ಅಮೆರಿಕದ ಜೆರಿ ಲೋಗ್‌ಮನ್ (1942–2014) ಎಂಬ ಹೆಣ್ಣುಮಗಳು ಈ ಪರೀಕ್ಷೆಯನ್ನು ಕ್ರಮಬದ್ಧವಾಗಿ ರೂಪಿಸಿದವರು. ಮಾತಿನ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್‌ಗಳು ನುಂಗುವ ತೊಂದರೆಯನ್ನೂ ನೋಡಬೇಕು ಎಂಬುದು ಗಟ್ಟಿಯಾದದ್ದು ಇವರಂಥವರ ಕೆಲಸದಿಂದ. ಇನ್ನೊಂದು ದಾರಿಯನ್ನು 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮತ್ತು ಅವರ ಜೊತೆಗಾರರು ತೋರಿಸಿದರು. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿ ಗಂಟಲನ್ನು ಮೇಲಿನಿಂದ ನೋಡುವುದು. ಇದಕ್ಕೆ ಎಕ್ಸ್-ರೇ ಬೇಡ, ರೋಗಿ ಮಂಚದಲ್ಲಿದ್ದರೂ ಮಾಡಬಹುದು.

ಚಿತ್ರ ತೆಗೆದುಕೊಂಡರೆ ಕೆಲಸ ಮುಗಿಯಲಿಲ್ಲ. ಒಂದು ಸೆಕೆಂಡಿನ ನುಂಗುವಿಕೆಯನ್ನು ಸುಮಾರು ಮೂವತ್ತು ಚಿತ್ರಗಳಾಗಿ ಬಿಡಿಸಿ, ಒಂದೊಂದನ್ನೇ ನಿಲ್ಲಿಸಿ ಅಳೆಯುತ್ತಾರೆ. ಉಸಿರಿನ ದಾರಿಗೆ ಎಷ್ಟು ಇಳಿಯಿತು, ಹೊರಗೆ ಬಂತೋ ಇಲ್ಲವೋ ಎಂಬುದಕ್ಕೆ 1996ರಿಂದ 1ರಿಂದ 8ರವರೆಗಿನ ಅಂಕ ಇದೆ. 1 ಅಂದರೆ ಏನೂ ಇಳಿದಿಲ್ಲ. 8 ಅಂದರೆ ಧ್ವನಿತಂತುಗಳನ್ನು ದಾಟಿ ಇಳಿದಿದೆ, ದೇಹ ಅದನ್ನು ಹೊರಹಾಕಲು ಪ್ರಯತ್ನವನ್ನೇ ಮಾಡಿಲ್ಲ. ಒಬ್ಬರು ಕೊಟ್ಟ ಅಂಕವನ್ನು ಇನ್ನೊಬ್ಬರು ರೋಗಿಯ ಹೆಸರು ನೋಡದೆ ಮತ್ತೆ ಕೊಟ್ಟು ಹೋಲಿಸುತ್ತಾರೆ. ನಮ್ಮ ಸಂಘದ ಲೆಕ್ಕವನ್ನು ಎರಡನೆಯವರು ತಾಳೆ ನೋಡುವ ಹಾಗೆಯೇ.

ಡಿಮೆನ್ಶಿಯಾ ಇರುವವರ ಮೇಲೆ ಈ ಅಭ್ಯಾಸ ನಡೆಸುವುದು ಸುಲಭವಲ್ಲ. 'ಈಗ ನುಂಗಿ', 'ಗಲ್ಲ ಕೆಳಗೆ ಮಾಡಿ' ಎಂದರೆ ಅವರಿಗೆ ಅರ್ಥವಾಗದಿರಬಹುದು. ಯಂತ್ರ ನೋಡಿ ಹೆದರುತ್ತಾರೆ. ಒಪ್ಪಿಗೆ ಕೊಡುವ ಶಕ್ತಿ ಅವರಿಗಿಲ್ಲದಿದ್ದರೆ ಮನೆಯವರನ್ನು ಕೇಳಬೇಕಾಗುತ್ತದೆ. ಮನೆಯವರು ಹೂಂ ಅಂದ ಮೇಲೂ ರೋಗಿ ಚಮಚವನ್ನು ತಳ್ಳಿದರೆ ಅದನ್ನು 'ಬೇಡ' ಎಂದೇ ತಿಳಿದು ನಿಲ್ಲಿಸಬೇಕು. ಅದಕ್ಕಾಗಿ ಇವರಲ್ಲಿ ಕೆಲವರು ಯಂತ್ರ ಬಿಟ್ಟು ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಾರೆ. ಎಷ್ಟು ತುತ್ತು, ಎಷ್ಟು ನಿಮಿಷ, ಎಷ್ಟು ಸಲ ಮುಖ ತಿರುಗಿಸಿದರು, ಉಣಿಸುವವರು ನಿಂತಿದ್ದರೋ ಕೂತಿದ್ದರೋ. ನಮಗೆ ಈ ಎರಡನೆಯ ಬಗೆಯ ಕೆಲಸದ ಮೇಲೆಯೇ ಹೆಚ್ಚು ಗೌರವ, ಯಾಕೆಂದರೆ ಮನೆಯಲ್ಲಿ ಹೆಂಗಸರು ಮಾಡುವ, ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸವನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಹಳೆಯ ನೆಲೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಲ್ಲಿ ಶುರುವಾದದ್ದು. ಆ ಕಡೆಯವರು 'ಸ್ಪೀಚ್ ಅಂಡ್ ಹಿಯರಿಂಗ್' ಅನ್ನುತ್ತಾರೆ. ಕಿವಿ ಕೇಳದ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಎಂದೇ ನಮ್ಮ ಜನ ತಿಳಿದಿದ್ದಾರೆ, ಆದರೆ ಅಲ್ಲಿ ನುಂಗುವ ತೊಂದರೆ ಇರುವವರನ್ನೂ ನೋಡುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ಮಕ್ಕಳಿಗೆ ಈ ವಿಷಯದಲ್ಲಿ ನಾಲ್ಕು ವರ್ಷದ ಪದವಿ ಇದೆ, ಮುಂದೆ ಎಂ.ಎಸ್ಸಿ., ಪಿಎಚ್.ಡಿ. ಕೂಡ. ಎಲ್ಲರೂ ನರ್ಸಿಂಗ್ ಒಂದನ್ನೇ ಯೋಚಿಸುವ ನಮ್ಮ ಮನೆಗಳಲ್ಲಿ ಇದನ್ನೂ ಹೆಣ್ಣುಮಕ್ಕಳಿಗೆ ತಿಳಿಸಬಹುದು.

ನೀರನ್ನು ಮಂದ ಮಾಡಿದರೆ ಸಾಕೇ?

ಗಂಟಲು ನಿಧಾನವಾದವರಿಗೆ ಎಲ್ಲಕ್ಕಿಂತ ಕಷ್ಟ ಬರೀ ನೀರು. ಅದು ಮುಚ್ಚಳ ಮುಚ್ಚುವ ಮೊದಲೇ ಓಡಿಹೋಗುತ್ತದೆ. ಮಂದ ಮಾಡಿದರೆ ನಿಧಾನವಾಗಿ ಇಳಿಯುತ್ತದೆ ಎಂಬುದು ಸರಿಯಾದ ಯೋಚನೆಯೇ. ಇದನ್ನು ಪರೀಕ್ಷಿಸಲು ಲೋಗ್‌ಮನ್, ಜೋಆನ್ ರಾಬಿನ್ಸ್ ಮತ್ತಿತರರು ಡಿಮೆನ್ಶಿಯಾ ಅಥವಾ ಪಾರ್ಕಿನ್‌ಸನ್ ಕಾಯಿಲೆ ಇದ್ದವರ ಮೇಲೆ ದೊಡ್ಡ ಅಧ್ಯಯನ ನಡೆಸಿ 2008ರಲ್ಲಿ ಪ್ರಕಟಿಸಿದರು. ಮೊದಲ ಭಾಗದಲ್ಲಿ 711 ಜನರಿಗೆ ಎಕ್ಸ್-ರೇ ಕೆಳಗೆ ಮೂರು ಉಪಾಯ ಮಾಡಿ ನೋಡಿದರು: ಗಲ್ಲ ಎದೆಯ ಕಡೆ ತಗ್ಗಿಸಿ ನೀರು ಕುಡಿಯುವುದು, ಸ್ವಲ್ಪ ಮಂದ ಮಾಡಿದ ನೀರು, ಜೇನಿನಷ್ಟು ಮಂದ ಮಾಡಿದ ನೀರು. ಆ ಕ್ಷಣದಲ್ಲಿ ಶ್ವಾಸನಾಳಕ್ಕೆ ಇಳಿಯದಂತೆ ತಡೆದದ್ದು ಹೆಚ್ಚಾಗಿ ಜೇನಿನಂಥ ಮಂದ ನೀರೇ.

ಇಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಮಂದ ನೀರು ಕೊಡಿ ಎಂದು ಹೇಳಿಬಿಡುತ್ತಿದ್ದರು. ಅವರು ನಿಲ್ಲಲಿಲ್ಲ. ಎರಡನೆಯ ಭಾಗದಲ್ಲಿ 515 ಜನರನ್ನು ಮೂರು ತಿಂಗಳು ಗಮನಿಸಿದರು. ಒಟ್ಟು ನೂರಕ್ಕೆ ಸುಮಾರು 11 ಜನರಿಗೆ ನ್ಯುಮೋನಿಯಾ ಬಂತು. ಗಲ್ಲ ತಗ್ಗಿಸಿದವರಿಗೂ ಮಂದ ನೀರಿನವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಮೇಲಾಗಿ ಮಂದ ನೀರಿನ ಗುಂಪಿನಲ್ಲಿ ನೀರಿನಂಶ ಕಡಿಮೆಯಾಗುವುದು, ಮೂತ್ರದ ಸೋಂಕು, ಜ್ವರ ಹೆಚ್ಚು ಕಂಡಿತು: ಆ ಗುಂಪಿನಲ್ಲಿ ಶೇ. 9, ಇನ್ನೊಂದರಲ್ಲಿ ಶೇ. 5. ಕಾರಣ ಊಹಿಸುವುದು ಕಷ್ಟವಲ್ಲ. ಅಂಟಂಟಾದ ನೀರನ್ನು ಯಾರು ತಾನೇ ಇಷ್ಟಪಟ್ಟು ಕುಡಿಯುತ್ತಾರೆ?

ಇದರಿಂದ ನಾವು ತಿಳಿಯಬೇಕಾದ್ದು: ಯಾರೋ ಹೇಳಿದರು ಎಂದು ಮೆಡಿಕಲ್ ಸ್ಟೋರಿನಿಂದ ನೀರು ಮಂದ ಮಾಡುವ ಪುಡಿ ತಂದು ಕಲಸಬೇಡಿ. ಕೆಲವರಿಗೆ ಅದು ಬೇಕು, ಕೆಲವರಿಗೆ ಬೇಡ, ಯಾರಿಗೆ ಎಷ್ಟು ಎಂಬುದನ್ನು ನುಂಗುವುದನ್ನು ಪರೀಕ್ಷಿಸಿದವರೇ ಹೇಳಬೇಕು. ಗಂಜಿಯ ಬಗ್ಗೆಯೂ ಒಂದು ಮಾತು. ಹಿಟ್ಟಿನಿಂದ ಬಂದ ಮಂದತನವನ್ನು ನಮ್ಮ ಎಂಜಲು ಕರಗಿಸುತ್ತದೆ. ಗಂಜಿಯನ್ನು ಬಾಯಲ್ಲಿಟ್ಟುಕೊಂಡೇ ಕೂರುವವರಿಗೆ ಅದು ನುಂಗುವ ಹೊತ್ತಿಗೆ ನೀರಾಗಿರುತ್ತದೆ. ಲೋಟಕ್ಕೆ ಎಂಜಲು ಚಮಚ ಅದ್ದುತ್ತಾ ಹೋದರೂ ಹೀಗೇ ಆಗುತ್ತದೆ.

ಬಾಯಿ ತೊಳೆಯುವುದರ ಬೆಲೆ

ಎಲ್ಲಕ್ಕಿಂತ ಕಡಿಮೆ ಖರ್ಚಿನ ವಿಷಯ ಇದು, ಎಲ್ಲಕ್ಕಿಂತ ಹೆಚ್ಚು ಮರೆಯುವ ವಿಷಯವೂ ಇದೇ. ಸೂಸನ್ ಲ್ಯಾಂಗ್‌ಮೋರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 189 ಹಿರಿಯರಲ್ಲಿ ಯಾರಿಗೆ ನ್ಯುಮೋನಿಯಾ ಬರುತ್ತದೆ ಎಂದು ಹುಡುಕಿದರು. ನುಂಗುವ ತೊಂದರೆ ಒಂದೇ ಇದ್ದರೆ ಸಾಲದು, ಜೊತೆಗೆ ಬೇರೆ ಕಾರಣಗಳೂ ಸೇರಬೇಕು ಎಂದು ತಿಳಿದುಬಂತು. ಬೇರೆಯವರೇ ಉಣಿಸಬೇಕಾದ ಸ್ಥಿತಿ, ಬೇರೆಯವರೇ ಬಾಯಿ ತೊಳೆಯಬೇಕಾದ ಸ್ಥಿತಿ, ಹುಳುಕು ಹಲ್ಲುಗಳು, ಬಹಳ ಔಷಧಿಗಳು, ಧೂಮಪಾನ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಬಾಯಲ್ಲಿ ಕೊಳೆ ಇದ್ದರೆ ಎಂಜಲಿನ ಜೊತೆ ರೋಗಾಣು ಇಳಿಯುತ್ತದೆ. ಶುಚಿಯಾದ ಬಾಯಿಯಿಂದ ನಾಲ್ಕು ಹನಿ ನೀರು ಇಳಿದರೆ ಅಷ್ಟು ಅಪಾಯವಿಲ್ಲ.

ಜಪಾನಿನಲ್ಲಿ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಪ್ರತಿ ಊಟದ ನಂತರ ಬ್ರಷ್ ಮಾಡಿಸಿದವರಲ್ಲಿ ಶೇ. 11 ಜನರಿಗೆ ನ್ಯುಮೋನಿಯಾ ಬಂತು, ಹಾಗೆ ಮಾಡಿಸದವರಲ್ಲಿ ಶೇ. 19 ಜನರಿಗೆ. ಯಂತ್ರ ಇಲ್ಲ, ಔಷಧಿ ಇಲ್ಲ, ಒಂದು ಬ್ರಷ್ಷು ಅಷ್ಟೇ.

ಹಲ್ಲಿಲ್ಲದ ಬಾಯಿಗೆ ಬ್ರಷ್ ಯಾಕೆ ಎಂದು ಕೇಳುತ್ತೀರಿ. ವಸಡು, ನಾಲಿಗೆ, ಕೆನ್ನೆಯ ಒಳಭಾಗವನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ನಮ್ಮ ಅಜ್ಜಿಯಂದಿರ ವಿಷಯದಲ್ಲಿ ಎಲೆ ಅಡಿಕೆ, ಹೊಗೆಸೊಪ್ಪು ಬೇರೆ ಇದೆ. ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಒತ್ತಿಟ್ಟುಕೊಳ್ಳುವ ಅಭ್ಯಾಸ ಅವರದ್ದು. ಅದರ ಚೂರು ಅಲ್ಲೇ ಇದ್ದು ರಾತ್ರಿ ಮಲಗಿದಾಗ ಗಂಟಲಿಗೆ ಜಾರಬಹುದು. ಊಟವಾದ ಮೇಲೂ ಮಲಗುವ ಮುಂಚೆಯೂ ಬಾಯಿ ತೆರೆಸಿ ಎರಡೂ ಕೆನ್ನೆ ನೋಡಿ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡಿ.

ನಮ್ಮ ಅಡುಗೆ, ನಮ್ಮ ಕೈ

ಯಾವ ಆಹಾರ ಎಷ್ಟು ಮೆತ್ತಗಿರಬೇಕು ಎಂಬುದಕ್ಕೆ ಈಗ ಜಗತ್ತಿಗೆಲ್ಲ ಒಂದೇ ಅಳತೆ ಇದೆ. ಬರೀ ನೀರು 0, ಮಾಮೂಲಿ ಊಟ 7, ನಡುವೆ ಮೆಟ್ಟಿಲುಗಳು. ಪರೀಕ್ಷೆಯೂ ಸರಳ. ನುಣ್ಣಗೆ ಅರೆದ ಆಹಾರ ಚಮಚ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಬೀಳಬೇಕು, ಚಮಚಕ್ಕೆ ಅಂಟಿ ಕೂರಬಾರದು, ನೀರು ಬಿಟ್ಟುಕೊಳ್ಳಲೂಬಾರದು. ಮೆತ್ತನೆಯ ತುಂಡು ಬೆರಳಿನಲ್ಲಿ ಒತ್ತಿದರೆ ಸುಲಭವಾಗಿ ಹಿಸುಕಿಹೋಗಬೇಕು, ಮತ್ತೆ ಮೊದಲಿನ ಆಕಾರಕ್ಕೆ ಬರಬಾರದು.

ಈ ಕಣ್ಣಿನಿಂದ ನಮ್ಮ ಅಡುಗೆ ನೋಡಿ. ರಾಗಿ ಮುದ್ದೆಯನ್ನು ಅಗಿಯದೆ ಸಾರಲ್ಲಿ ಹೊರಳಿಸಿ ನುಂಗುವುದು ನಮ್ಮ ಪದ್ಧತಿ. ಗಟ್ಟಿಮುಟ್ಟಾದವರಿಗೆ ಅದು ಸರಿ. ನುಂಗುವುದೇ ತಡವಾಗುವವರಿಗೆ ಅಂಟುವ ಆ ಉಂಡೆ ಗಂಟಲಲ್ಲಿ ಕೂತರೆ ಕಷ್ಟ. ಅದೇ ರಾಗಿಯನ್ನು ಮಗುವಿಗೆ ಮಾಡುವ ಸರಿಯ ಹಾಗೆ ಗಂಟಿಲ್ಲದೆ ಕಾಯಿಸಿ ಕೊಡಬಹುದು. ತಿಳಿಸಾರು ಅನ್ನದಲ್ಲಿ ನೀರೂ ಇದೆ ಅಗುಳೂ ಇದೆ; ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಇವರಿಗೆ ಆಗುವುದಿಲ್ಲ, ನೀರು ಮುಂದೆ ಓಡುತ್ತದೆ, ಅನ್ನ ಬಾಯಲ್ಲಿ ಉಳಿಯುತ್ತದೆ. ಅನ್ನವನ್ನು ಮೆತ್ತಗೆ ಬೇಯಿಸಿ ಗಟ್ಟಿ ಬೇಳೆಯ ಜೊತೆಗೋ ಮೊಸರಿನ ಜೊತೆಗೋ ಹಿಸುಕಿ ಒಂದಾಗಿಸಿ. ಮಂಡಕ್ಕಿ, ಕಡಲೆಕಾಯಿ, ಅವರೆಕಾಳಿನ ಸಿಪ್ಪೆ, ಒಣ ಅವಲಕ್ಕಿ, ಕೋಡುಬಳೆ ಇವು ಬೇಡ. ಬಣ್ಣದ ವಿಷಯವೂ ಇದೆ. ಬೋಸ್ಟನ್ನಿನ ಸಂಶೋಧಕರು 2004ರಲ್ಲಿ ಒಂಬತ್ತೇ ಜನರ ಮೇಲೆ ಮಾಡಿದ ಸಣ್ಣ ಅಧ್ಯಯನದಲ್ಲಿ ಬಿಳಿ ತಟ್ಟೆಯ ಬದಲು ಕೆಂಪು ತಟ್ಟೆ ಇಟ್ಟಾಗ ಹೆಚ್ಚು ತಿಂದರಂತೆ. ಬಿಳಿ ತಟ್ಟೆಯಲ್ಲಿ ಮೊಸರನ್ನ ಅವರ ಕಣ್ಣಿಗೆ ಕಾಣದಿರಬಹುದು. ಬಾಳೆ ಎಲೆಯ ಮೇಲೆ ಇಟ್ಟು ನೋಡಿ, ಖರ್ಚೇನಿಲ್ಲ.

ಉಣಿಸುವ ರೀತಿಗೆ ಬರೋಣ. ಮಲಗಿಸಿ ಉಣಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಿ, ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಕೂರಲಿ. ಲೋಟ ಮೇಲೆತ್ತಿ ಬಾಯಿಗೆ ನೀರು ಸುರಿದುಕೊಳ್ಳುವುದು ನಮ್ಮ ಮನೆಗಳ ಪದ್ಧತಿ. ತಲೆ ಹಿಂದಕ್ಕೆ ಹೋದಷ್ಟೂ ಉಸಿರಿನ ದಾರಿ ತೆರೆದುಕೊಳ್ಳುತ್ತದೆ, ಇವರಿಗೆ ಅದು ಬೇಡವೇ ಬೇಡ, ಲೋಟ ಕಚ್ಚಿಯೇ ಗುಟುಕು ಗುಟುಕಾಗಿ ಕುಡಿಯಲಿ. ಒಳಲೆಯಲ್ಲಿ ಬಾಯಿಗೆ ಹುಯ್ಯುವುದೂ ಹಾಗೆಯೇ, ಮಗುವಿಗೆ ಹೊಂದಿದ್ದು ಇವರಿಗೆ ಹೊಂದುವುದಿಲ್ಲ. ಅವರ ಕಣ್ಣಿನ ಮಟ್ಟಕ್ಕೆ ನೀವೂ ಕುಳಿತುಕೊಳ್ಳಿ. ನಿಂತು ಕೊಟ್ಟರೆ ತಲೆ ಎತ್ತಲೇಬೇಕಾಗುತ್ತದೆ. ಟಿ.ವಿ. ಆರಿಸಿ. ಟೀ ಚಮಚದಷ್ಟು ತುತ್ತು, ಒಂದು ಇಳಿದ ಮೇಲೆಯೇ ಇನ್ನೊಂದು. ಗಂಟಲ ಗಂಟು ಮೇಲೆ ಹೋಗಿ ಬಂತೇ ನೋಡಿ. ಬಾಯಲ್ಲೇ ಇಟ್ಟುಕೊಂಡರೆ ಗದರಬೇಡಿ, ಖಾಲಿ ಚಮಚವನ್ನು ತುಟಿಗೆ ತಾಗಿಸಿ ನೋಡಿ, ಕೆಲವೊಮ್ಮೆ ಅಷ್ಟಕ್ಕೇ ನುಂಗುತ್ತಾರೆ. ತೂಕಡಿಸುವಾಗ ಏನನ್ನೂ ಕೊಡಬಾರದು. ನಿದ್ದೆ ಮಾತ್ರೆ ಶುರುವಾದ ಮೇಲೆ ನುಂಗುವುದು ಕೆಟ್ಟಿದೆ ಅನ್ನಿಸಿದರೆ ಡಾಕ್ಟರಿಗೆ ಹೇಳಿ. ಮಾತ್ರೆ ಪುಡಿ ಮಾಡಿ ಕೊಡುವ ಮೊದಲೂ ಕೇಳಿ, ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ.

ಅಮೆರಿಕದ ನರ್ಸ್ ಸಂಶೋಧಕರು 2017ರಲ್ಲಿ ಮೂರು ರೀತಿಯ ಉಣಿಸುವಿಕೆಯನ್ನು ಹೋಲಿಸಿದರು. ನಾವೇ ನೇರ ತಿನ್ನಿಸುವುದು ಒಂದು. ರೋಗಿ ಚಮಚ ಹಿಡಿದ ಕೈಯ ಮೇಲೆ ನಮ್ಮ ಕೈ ಇಟ್ಟು ಎಳೆದು ತರುವುದು ಇನ್ನೊಂದು. ಚಮಚ ನಮ್ಮ ಕೈಯಲ್ಲಿ, ನಮ್ಮ ಕೈಯ ಮೇಲೆ ಅವರ ಕೈ, ಹೀಗೆ ಜೊತೆಯಲ್ಲಿ ಬಾಯಿಗೆ ತರುವುದು ಮೂರನೆಯದು. ಮೇಲಿನಿಂದ ಹಿಡಿದೆಳೆದಾಗ ಪ್ರತಿರೋಧ ಹೆಚ್ಚು, ತಿಂದದ್ದು ಕಡಿಮೆ. ಮೂರನೆಯದರಲ್ಲಿ ತಾನೇ ತಿನ್ನುತ್ತಿದ್ದೇನೆ ಎಂಬ ಅನಿಸಿಕೆ ಅವರಿಗೆ ಉಳಿಯುತ್ತದೆ. ಜೀವಮಾನವಿಡೀ ಕೈಯಲ್ಲಿ ಉಂಡ ನಮ್ಮ ಅವ್ವಂದಿರಿಗೆ ಚಮಚಕ್ಕಿಂತ ಕೈಯ ನೆನಪು ಗಟ್ಟಿ. ತುತ್ತು ನಿಮ್ಮ ಬೆರಳಲ್ಲಿ, ಅವರ ಕೈ ನಿಮ್ಮ ಮಣಿಕಟ್ಟಿನ ಮೇಲೆ, ಹೀಗೂ ಮಾಡಬಹುದು.

ಗಂಟಲಲ್ಲಿ ಸಿಕ್ಕಿಕೊಂಡಾಗ ಅವರೇ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ, ಕಾಣದೆ ಬೆರಳು ಹಾಕಿ ತೆಗೆಯಬೇಡಿ. ದನಿಯೇ ಹೊರಡದೆ ಮುಖ ನೀಲಿಯಾಗುತ್ತಿದ್ದರೆ ಮುಂದಕ್ಕೆ ಬಗ್ಗಿಸಿ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಹೊಡೆಯಿರಿ. ಆಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕಳಿನ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಇನ್ನೊಬ್ಬರು ಆ ಹೊತ್ತಿಗೆ 108ಕ್ಕೆ ಫೋನ್ ಮಾಡಲಿ.

ತೀರ್ಥ, ಪ್ರಸಾದ ಕೊಡುವಾಗಲೂ ಇದೇ ಎಚ್ಚರ ಬೇಕು. ನಮ್ಮ ಕ್ರೈಸ್ತ ಮನೆಗಳಲ್ಲಿ ಪರಮಪ್ರಸಾದ ತರುವ ಗುರುಗಳಿಗೆ ನುಂಗುವ ತೊಂದರೆಯನ್ನು ಮೊದಲೇ ತಿಳಿಸಿ. ಚಿಕ್ಕ ಚೂರು ಸಾಕು. ಅದೂ ಆಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ಕಾನೂನಿನಲ್ಲಿ ಅವಕಾಶ ಇದೆ.

ಮೂಗಿನ ಪೈಪ್ ಹಾಕಿಸಬೇಕೇ?

ಈ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ. ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರಿಸಿದಾಗ ರೈಲ್ಸ್ ಟ್ಯೂಬ್ ಹಾಕುತ್ತಾರೆ, ಮನೆಗೆ ಬರುವಾಗಲೂ ಅದು ಹಾಗೇ ಇರುತ್ತದೆ. ಪಾರ್ಶ್ವವಾಯು ಬಡಿದು ಈಗಷ್ಟೇ ನುಂಗಲಾರದೆ ಇರುವವರಿಗೆ, ಸುಧಾರಿಸುವ ಆಸೆ ಇರುವವರಿಗೆ ಟ್ಯೂಬ್ ಬೇಕಾಗುತ್ತದೆ. ಅದು ಬೇರೆ ಮಾತು. ಬಲಿತ ಡಿಮೆನ್ಶಿಯಾದಲ್ಲಿ ಲೆಕ್ಕ ಬೇರೆ. ಅಮೆರಿಕದಲ್ಲಿ ಇಂಥ 323 ಜನರನ್ನು 18 ತಿಂಗಳು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 86 ಜನರಿಗೆ ತಿನ್ನುವ ತೊಂದರೆ ಕಾಣಿಸಿಕೊಂಡಿತ್ತು, ಅರ್ಧಕ್ಕಿಂತ ಹೆಚ್ಚು ಜನ ಆ ಅವಧಿಯಲ್ಲಿ ತೀರಿಕೊಂಡರು. ತಿನ್ನಲಾರದೆ ಹೋಗುವುದು ಈ ಕಾಯಿಲೆ ಕೊನೆಯ ಕಡೆ ಸಾಗುವ ದಾರಿ. ಅಮೆರಿಕದ ವೃದ್ಧವೈದ್ಯ ಸಂಘ 2014ರಲ್ಲಿ, ಬಲಿತ ಡಿಮೆನ್ಶಿಯಾದವರಿಗೆ ಟ್ಯೂಬ್ ಬೇಡ, ಎಚ್ಚರದಿಂದ ಕೈಯಿಂದ ಉಣಿಸುವುದೇ ಸರಿ ಎಂದು ಹೇಳಿತು. ಆಯುಸ್ಸಿನ ವಿಷಯದಲ್ಲಿ, ನ್ಯುಮೋನಿಯಾ ತಡೆಯುವ ವಿಷಯದಲ್ಲಿ, ನೆಮ್ಮದಿಯ ವಿಷಯದಲ್ಲಿ ಕೈತುತ್ತು ಟ್ಯೂಬಿಗಿಂತ ಕಡಿಮೆಯೇನಲ್ಲ. ಟ್ಯೂಬ್ ಇದ್ದರೂ ಎಂಜಲು ಇಳಿಯುವುದು ನಿಲ್ಲುವುದಿಲ್ಲ. ಜೊತೆಗೆ ಅದನ್ನು ಕಿತ್ತುಹಾಕುತ್ತಾರೆ ಎಂದು ಕೈ ಕಟ್ಟಿಹಾಕುವುದನ್ನು ನಾವು ಕಂಡಿದ್ದೇವೆ. ಅದು ನೋಡುವಂಥದ್ದಲ್ಲ.

"ಟ್ಯೂಬ್ ಬೇಡ ಅಂದ್ರೆ ಉಪವಾಸ ಕೆಡವಿದ ಪಾಪ ಬರಲ್ವಾ ಸಿಸ್ಟರ್?" ಎಂದು ಕೇಳುತ್ತೀರಿ. ಅನ್ನ ನೀರು ಪ್ರತಿ ರೋಗಿಗೂ ಸಲ್ಲಬೇಕಾದದ್ದು, ಇದರಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟ. ಆದರೆ ಮೂರು ಹೊತ್ತು ಪಕ್ಕದಲ್ಲಿ ಕುಳಿತು, ಅವರು ಎಷ್ಟು ತೆಗೆದುಕೊಂಡರೆ ಅಷ್ಟನ್ನು ಕೈಯಾರೆ ಕೊಡುವುದು ಉಪವಾಸ ಕೆಡವುದಲ್ಲ. ಟ್ಯೂಬ್ ಹಾಕುವ ಮೊದಲು ಡಾಕ್ಟರನ್ನು ಕೇಳಿ: ಇದು ಎಷ್ಟು ದಿನಕ್ಕೆ? ಇದರಿಂದ ಏನು ಸುಧಾರಿಸುತ್ತದೆ? ಯಾವಾಗ ತೆಗೆಯುತ್ತೀರಿ? ಮನೆಯವರೆಲ್ಲ ಒಟ್ಟಿಗೆ ಕುಳಿತು ಕೇಳಿ, ಆಮೇಲೆ ಸೊಸೆಯೊಬ್ಬಳ ತಲೆಗೆ ಕಟ್ಟಬಾರದು. ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿ ಇದೆ. ಲೋಟದಲ್ಲಿ ಹುಯ್ಯುವ ಬದಲು ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ತೇವ ಮಾಡಿ. ಅವರಿಗೆ ಅದು ಹಿತ.

ಸಂಘದಲ್ಲಿ ಏನು ಮಾಡಬಹುದು

ಎಚ್ಚರದಿಂದ ಉಣಿಸಲು ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ದಿನಕ್ಕೆ ಮೂರು ಊಟ ಅಂದರೆ ಎರಡು ಗಂಟೆ ಹತ್ತಿರ ಬಂತು. ಕೂಲಿಗೆ ಹೋಗುವ ಹೆಂಗಸಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಬೆಳಿಗ್ಗೆ ಅವಸರದಲ್ಲಿ ತುರುಕಿ ಹೋಗುವುದು ಆಗುವುದೇ ಹೀಗೆ. ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಮಧ್ಯಾಹ್ನದ ಊಟಕ್ಕೆ ಬೀದಿಯ ಇಬ್ಬರು ಸದಸ್ಯರು ಸರದಿಯಲ್ಲಿ ಹೋಗುವ ಏರ್ಪಾಡು ಮಾಡಿಕೊಳ್ಳಬಹುದು. ಮನೆಯ ಗಂಡಸರಿಗೂ ಉಣಿಸುವುದನ್ನು ಕಲಿಸಿ, ರಾತ್ರಿಯದಾದರೂ ಅವರದಾಗಲಿ.

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಯಾವುದಕ್ಕೆ ಕೆಮ್ಮಿದರು, ನೀರಿಗೋ ಅನ್ನಕ್ಕೋ, ಊಟಕ್ಕೆ ಎಷ್ಟು ನಿಮಿಷ ಹಿಡಿಯಿತು, ಜ್ವರ ಯಾವತ್ತು ಬಂತು, ಯಾವ ಮಾತ್ರೆ ನುಂಗುತ್ತಿದ್ದಾರೆ. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಊಟದ ವಿಡಿಯೋ ತೆಗೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಸ್ಪೀಚ್ ಥೆರಪಿಸ್ಟ್ ನೋಡಬೇಕೆಂದು ಕೇಳಿ ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಚೀಟಿ ಬರೆಸಿಕೊಳ್ಳಿ. ಮೈಸೂರಿಗೆ ಹತ್ತಿರದವರು ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು, ಬೆಂಗಳೂರು ಕಡೆಯವರಿಗೆ ನಿಮ್ಹಾನ್ಸ್ ಇದೆ. ಹಿರಿಯರಿಗಾಗಿ ಇರುವ ಎಲ್ಡರ್‌ಲೈನ್ ಸಹಾಯವಾಣಿಯ ನಂಬರು 14567, ಇದಕ್ಕೆ ದುಡ್ಡು ಬೀಳುವುದಿಲ್ಲ. ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಬರುವಾಗ ನಿಮ್ಮ ಮನೆಯ ಟೀ ಚಮಚ, ಸ್ವಲ್ಪ ಹಿಸುಕಿದ ಅನ್ನ, ರಾಗಿ ಸರಿ ತನ್ನಿ. ಚಮಚ ಓರೆ ಮಾಡಿ ಬೀಳಿಸುವ ಪರೀಕ್ಷೆಯನ್ನು ಅಲ್ಲೇ ಎಲ್ಲರೂ ಮಾಡಿ ನೋಡೋಣ.